ಮಣ್ಣು ಕಡಿಮೆಯಿದ್ದ ದ್ವೀಪಕ್ಕೆ

ಗ್ರೀಸಿಗೆ ಹೋಗಿ ಬಂದೆ ಎಂದು ತಿಳಿದ ಕೂಡಲೇ ಕೊಚ್ಚಿಯ ಪಾಲಾರಿವಟ್ಟದ ನಮ್ಮ ಫ್ಲ್ಯಾಟಿನ ಹೆಂಗಸರೆಲ್ಲ ಫೋಟೋ ತೋರಿಸಿ ಎಂದು ಸುತ್ತುವರಿದರು. ಬಿಳಿ ಗೋಡೆ, ನೀಲಿ ಗುಮ್ಮಟ, ಕೆಳಗೆ ಹೊಳೆಯುವ ಕಡಲು, ಇಷ್ಟು ಅವರಿಗೆ ಕ್ಯಾಲೆಂಡರಿನಲ್ಲಿ ನೋಡಿ ಗೊತ್ತು. ನನ್ನ ಫೋನಿನಲ್ಲಿ ಇದ್ದದ್ದು ಒಂದೇ ಫೋಟೋ. ಒಂದು ಕಲ್ಲಿನ ಗೋಡೆ. ಅದರ ಹೊರಗೆ ಮಂಕಿ ಕ್ಯಾಪು ಹಾಕಿಕೊಂಡು, ಪಂಚೆಯ ಮೇಲೆ ಎರಡೆರಡು ಸ್ವೆಟರು ತೊಟ್ಟು, ನಮಗೆ ಬೆನ್ನು ತಿರುಗಿಸಿ ನಿಂತ ನನ್ನ ತಂಗಿಯ ಗಂಡ, ಭಾವ ರಾಮಚಂದ್ರ ರಾಯರು. "ಇದೆಂಥಾ ಫೋಟೋ ಮಾರಾಯ್ರೆ!" ಎಂದು ಅವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಬೆನ್ನಿನ ಕಥೆಯನ್ನು ಲಿಫ್ಟಿನ ಎದುರು ನಿಂತು ಹೇಳಿ ಮುಗಿಸುವ ಹಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಂಪಾನೂರ್

ನಾವು ಕಾಸರಗೋಡಿನ ಕಡೆಯವರು. ಬ್ಯಾಂಕಿನ ವರ್ಗಾವಣೆ ನನ್ನನ್ನು ಕೊಚ್ಚಿಗೆ ತಂದು ಹಾಕಿತು. ತಂಗಿ ಸುಮಿತ್ರಾ ಗಂಡನ ಕೆಲಸದ ಹಿಂದೆ ತಿರುವನಂತಪುರಕ್ಕೆ ಹೋದಳು. ಭಾವ ರಾಕೆಟ್ಟಿನ ಸಂಸ್ಥೆಯಲ್ಲಿ ಇದ್ದವರು. ನಿವೃತ್ತರಾದ ಮೇಲೂ ತಂಪಾನೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯ ಮನೆ ಬಿಡಲಿಲ್ಲ. ಒಬ್ಬನೇ ಮಗ, ಪ್ರಸನ್ನ. ಅಮ್ಮ ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಉತ್ತರ ಕೊಟ್ಟು ಓಡುತ್ತಿದ್ದವನು, ದೊಡ್ಡವನಾಗಿ ಸರಕಿನ ಹಡಗಿನಲ್ಲಿ ಎಂಜಿನಿಯರ್ ಆದ.

ಕೊರೋನಾದ ಕಾಲದ ಒಂದು ಚಳಿಗಾಲದಲ್ಲಿ, ಗ್ರೀಸಿನ ಕಡಲಿನಲ್ಲಿ, ಬಿರುಗಾಳಿಗೆ ಸಿಕ್ಕ ಅವನ ಹಡಗಿನಿಂದ ಇಬ್ಬರನ್ನು ಅಲೆ ಎಳೆದುಕೊಂಡು ಹೋಯಿತು. ಒಬ್ಬ ಪ್ರಸನ್ನ, ಇನ್ನೊಬ್ಬ ಫಿಲಿಪೀನ್ಸಿನ ಹುಡುಗ. ಕೆಲವು ವಾರಗಳ ಮೇಲೆ ಒಂದು ಪುಟ್ಟ ದ್ವೀಪದ ಕಲ್ಲುಗಳ ನಡುವೆ ಒಂದು ಶವ ಸಿಕ್ಕಿತು. ಮುಖ ಗುರುತಿಸುವ ಸ್ಥಿತಿಯಲ್ಲಿರಲಿಲ್ಲ. ವಿಮಾನಗಳೆಲ್ಲ ನಿಂತಿದ್ದ ದಿನಗಳು. ದ್ವೀಪದವರು ಅಲ್ಲಿಯೇ ಹೂಳಿದರು. ಅದು ನಿಮ್ಮ ಮಗನೇ ಎಂದು ಕಂಪೆನಿಯಿಂದ ಕಾಗದ ಬಂತು. ಭಾವ ಅದನ್ನು ನಂಬಿದರು. ಸುಮಿತ್ರಾ ನಂಬಲಿಲ್ಲ.

"ಬಿದ್ದದ್ದು ಇಬ್ಬರು. ಸಿಕ್ಕಿದ್ದು ಒಬ್ಬ. ಅದು ಇವನೇ ಅಂತ ಅವರಿಗೆ ಹೇಗೆ ಗೊತ್ತು?"

"ಪರೀಕ್ಷೆ ಮಾಡಿದ್ದಾರೆ ಸುಮಿತ್ರಾ."

"ಪರೀಕ್ಷೆ ಮಾಡಿದವರು ಹೆತ್ತಿದ್ದಾರಾ?"

ಆಮೇಲೆ ಆ ಮನೆಯಲ್ಲಿ ಸೂತಕವೂ ಇಲ್ಲ, ಸುಖವೂ ಇಲ್ಲ. ಶವವಿಲ್ಲದಿದ್ದರೆ ದರ್ಭೆಯಲ್ಲಿ ಆಕೃತಿ ಮಾಡಿ ಕ್ರಿಯೆ ಮಾಡುವ ವಿಧಿ ಉಂಟು ಎಂದು ಭಾವ ಪುರೋಹಿತರನ್ನು ಕರೆಸಿದರು. ಸುಮಿತ್ರಾ ಬಾಗಿಲಲ್ಲೇ ಅಡ್ಡ ನಿಂತಳು. "ಬದುಕಿದ್ದವನ ತಲೆಗೆ ಎಳ್ಳು ಬಿಡ್ತೀರಾ?" ಎಂದು ಕೇಳಿದಳು. ಪುರೋಹಿತರು ಕಾಫಿಯನ್ನೂ ಕುಡಿಯದೆ ಹೋದರು.

ಓಣಿಯ ತುದಿಯಲ್ಲಿ ಗೋಣಿ ಹಾಸಿ ತರಕಾರಿ ಮಾರುವ ಸರಸಮ್ಮ ಎಂಬ ಮುದುಕಿ ಇದ್ದಾಳೆ. ಪ್ರಸನ್ನ ಚಿಕ್ಕವನಿದ್ದಾಗಿನಿಂದ ನೋಡಿದವಳು. ಸುಮಿತ್ರಾ ಚೀಲ ಹಿಡಿದು ಹೋದಾಗಲೆಲ್ಲ ಅವಳದ್ದು ಒಂದೇ ಪ್ರಶ್ನೆ: "ಮೋನ್ ಎಪ್ಪೋಳ್ ವರುಂ?" ಮಗ ಯಾವಾಗ ಬರ್ತಾನೆ? ಸುಮಿತ್ರಾಳದ್ದೂ ಒಂದೇ ಉತ್ತರ: "ಅಡುತ್ತ ಮಾಸಂ." ಮುಂದಿನ ತಿಂಗಳು. ನಾನು ಜೊತೆಯಲ್ಲಿದ್ದು ಎಷ್ಟೋ ಸಲ ಕೇಳಿದ್ದೇನೆ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ಹೇಳುತ್ತಿದ್ದಳು, ಬಸ್ಸಿನ ವೇಳೆ ಹೇಳಿದ ಹಾಗೆ.

ಹೀಗಿರುವಾಗ ದ್ವೀಪದಿಂದ ಫೋನ್ ಬಂತು. ಅಲ್ಲಿನ ಪಾದ್ರಿಯ ಪರವಾಗಿ ಇಂಗ್ಲಿಷ್ ಬಲ್ಲ ಒಬ್ಬ ಮಾತಾಡಿದ. ಅವರದ್ದು ಬರೀ ಬಂಡೆಯ ದ್ವೀಪವಂತೆ. ಮಣ್ಣು ಇರುವುದೇ ಸ್ವಲ್ಪ. ಅದಕ್ಕೇ ಸತ್ತವರು ಸರದಿಯಲ್ಲಿ ಮಲಗಬೇಕು. ಮೂರು ವರ್ಷ ಕಳೆದ ಮೇಲೆ ಗುಂಡಿ ತೆರೆದು, ಎಲುಬು ತೊಳೆದು, ಪೆಟ್ಟಿಗೆಯಲ್ಲಿಟ್ಟು, ಜಾಗವನ್ನು ಮುಂದಿನವರಿಗೆ ಬಿಟ್ಟುಕೊಡುತ್ತಾರೆ. ನಿಮ್ಮವನ ಸರದಿ ಮುಗಿದು ಹೆಚ್ಚು ದಿನವಾಯಿತು, ನೀವು ಬಂದರೆ ಒಳ್ಳೆಯದು, ಇಲ್ಲದಿದ್ದರೆ ಎಲುಬುಗಳು ಎಲ್ಲರದ್ದನ್ನೂ ಒಟ್ಟಿಗೆ ಹಾಕುವ ಬಾವಿಗೆ ಹೋಗುತ್ತವೆ ಎಂದ.

ಅಷ್ಟು ವರ್ಷ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದ ಸುಮಿತ್ರಾ ನನಗೆ ಫೋನ್ ಮಾಡಿದಳು. "ಅಕ್ಕ, ಹೋಗುವ. ನೀನೂ ಬಾ."

ಕಾರಣ ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಪ್ರಸನ್ನ ಶಾಲೆಗೆ ಹೋಗುವಾಗ ಕಾಂಪೌಂಡಿನ ಗೋಡೆಯಿಂದ ಬಿದ್ದು ಎಡಗೈ ಮುರಿದುಕೊಂಡಿದ್ದ. ಡಾಕ್ಟರು ಒಳಗೆ ಒಂದು ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಹಾಕಿದ್ದರು. ಅದನ್ನು ತೆಗೆಸಲೇ ಇಲ್ಲ.

"ಪಟ್ಟಿ ಇದ್ದರೆ ಅವನು," ಎಂದಳು. "ಇಲ್ಲದಿದ್ದರೆ ಫಿಲಿಪೀನ್ಸಿನ ಆ ಅಮ್ಮನಿಗೆ ನಾನೇ ಹೇಳಿ ಕಳಿಸ್ತೇನೆ."

ಕಾಶಿಗೆ, ರಾಮೇಶ್ವರಕ್ಕೆ ಹೋಗುವವರು ತಮಗೇನೋ ಬೇಡಿಕೊಂಡು ಹೋಗುತ್ತಾರೆ. ನನ್ನ ತಂಗಿ ಬೇಡಿಕೊಂಡು ಹೊರಟದ್ದು, ಆ ಗುಂಡಿಯಲ್ಲಿರುವುದು ಇನ್ನೊಬ್ಬಳ ಮಗನಾಗಿರಲಿ ಎಂದು. ಅಂಥ ಯಾತ್ರೆಗೆ ಜೊತೆ ಹೋಗುವವರು ಏನು ಬೇಡಿಕೊಳ್ಳಬೇಕು ಹೇಳಿ?

ನಡುದಾರಿಯ ವಿಮಾನ ನಿಲ್ದಾಣ

ವಿಮಾನ ಬದಲಿಸುವ ಗಲ್ಫಿನ ಊರಿನಲ್ಲಿ ನಮ್ಮ ಮೊದಲ ಫಜೀತಿ. ಭಾವ ಕಾಶಿಯಿಂದ ತಂದಿದ್ದ ಗಂಗೆಯ ತಾಮ್ರದ ತಂಬಿಗೆಯನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದರು. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಚಪ್ಪಲಿಯ ಜೊತೆ ಸೇರುತ್ತದಲ್ಲ! ಹೊರಡುವಾಗ ಹೇಗೋ ಯಾರೂ ಕೇಳಲಿಲ್ಲ. ಇಲ್ಲಿ ತಪಾಸಣೆಯ ಹುಡುಗಿ ತಂಬಿಗೆಯನ್ನು ಎತ್ತಿ ಅಲ್ಲಾಡಿಸಿದಳು. ನೋಡಿದರೆ ಮಲಯಾಳಿ; ತ್ರಿಶೂರಿನವಳಂತೆ.

"ಅಂಕಲ್, ಇಷ್ಟು ನೀರು ಒಳಗೆ ಬಿಡುವ ಹಾಗಿಲ್ಲ."

"ಇದು ನೀರಲ್ಲಮ್ಮ, ಗಂಗೆ," ಎಂದರು ಭಾವ.

"ಗೊತ್ತು ಅಂಕಲ್. ಆದರೆ ಮಿಷಿನ್ನಿಗೆ ಗೊತ್ತಿಲ್ಲ. ಕುಡಿಯಿರಿ, ಇಲ್ಲ ಬುಟ್ಟಿಗೆ ಹಾಕಿ."

ಗಂಗೆಯನ್ನು ಕಸದ ಬುಟ್ಟಿಗೆ ಹೇಗೆ ಹಾಕುವುದು? ಭಾವ ಪೇಪರ್ ಕತ್ತರಿಸುವ ಕತ್ತರಿಯನ್ನು ಅವಳಿಂದಲೇ ಕೇಳಿ ಪಡೆದು ಬೆಸುಗೆ ಹಾಕಿದ್ದ ಮುಚ್ಚಳ ಬಿಡಿಸಿದರು. ಹಿಂದೆ ಸಾಲು ನಿಂತವರೆಲ್ಲ ನೋಡುತ್ತಿದ್ದ ಹಾಗೆ ನಾವು ಮೂವರು ಅಲ್ಲಿ ನಿಂತು, ಒಬ್ಬರ ನಂತರ ಒಬ್ಬರು, ಕೈಯೊಡ್ಡಿ ಕುಡಿದೆವು. ಸುಮಿತ್ರಾ ಕೊನೆಯ ಗುಟುಕು ನುಂಗಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಅವನ ಬಾಯಿಗೆ ಬಿಡಬೇಕಾದ್ದು," ಎಂದರು ಭಾವ, ಖಾಲಿ ತಂಬಿಗೆ ನೋಡುತ್ತ.

"ಅವನಿಗೆ ಬೇಕಾಗಿಲ್ಲ ಅಂತ ಆಯ್ತಲ್ಲ," ಎಂದಳು ಅವಳು. ಅವಳಿಗೆ ಅದು ಶಕುನವಾಗಿ ಕಂಡಿತ್ತು. ಅಥೆನ್ಸ್ ಮುಟ್ಟುವವರೆಗೂ ಅವಳ ಮುಖದಲ್ಲಿ ಒಂದು ಗೆಲುವು ಇತ್ತು. ನನಗೆ ಅದನ್ನು ನೋಡಲಿಕ್ಕಾಗಲಿಲ್ಲ.

ಪಿರೇಯಸ್ ಬಂದರು

ಗ್ರೀಸಿನ ಚಳಿಗಾಲವನ್ನು ಯಾವ ಕ್ಯಾಲೆಂಡರೂ ತೋರಿಸುವುದಿಲ್ಲ. ಬೂದಿಬಣ್ಣದ ಆಕಾಶ, ಅದೇ ಬಣ್ಣದ ಕಡಲು, ಗಾಳಿಗೆ ಹಡಗುಗಳನ್ನೆಲ್ಲ ತಡೆದು ನಿಲ್ಲಿಸಿದ್ದಾರೆ. ಬಂದರಿನ ಎದುರಿನ ಲಾಡ್ಜಿನಲ್ಲಿ ಗಾಳಿ ಇಳಿಯಲಿ ಎಂದು ಕಾದೆವು. ಕಿಟಕಿಯಿಂದ ನೋಡಿದರೆ ಫೋರ್ಟ್ ಕೊಚ್ಚಿಯ ಕಡಲದಂಡೆಯ ಹಾಗೆ ಬೆಕ್ಕುಗಳು, ಬಲೆ ಸರಿಮಾಡುವ ಮುದುಕರು. ಆದರೆ ಫೋರ್ಟ್ ಕೊಚ್ಚಿಯಲ್ಲಿ ಕಡಲು ಮನೆಯ ಹಸುವಿನ ಹಾಗೆ ಪಕ್ಕದಲ್ಲಿ ಮೆಲುಕು ಹಾಕುತ್ತಿರುತ್ತದೆ. ಇಲ್ಲಿ ಅದು ಕಟ್ಟೆಗೆ ಹಣೆ ಚಚ್ಚಿಕೊಳ್ಳುತ್ತಿತ್ತು. ಸುಮಿತ್ರಾ ಕಿಟಕಿಗೆ ಬೆನ್ನು ಹಾಕಿ ಕುಳಿತಳು.

ಕೊನೆಗೂ ಹಡಗು ಹೊರಟಿತು. ಅದರ ಹೊಟ್ಟೆಯೊಳಗೆ ಲಾರಿಗಳು, ಕುರಿಗಳು, ಒಂದು ಹೊಸ ಫ್ರಿಜ್ಜು. ನಾವು ಮೂವರೂ ಪ್ಲಾಸ್ಟಿಕ್ ಕವರು ಹಿಡಿದು ಕುಳಿತೆವು. ವಾಂತಿಯ ವಿಷಯದಲ್ಲಿ ವಿಜ್ಞಾನಿ, ಬ್ಯಾಂಕಿನವಳು ಎಂಬ ಭೇದವಿಲ್ಲ.

ದ್ವೀಪ

ದ್ವೀಪದ ಹೆಸರು ಬರೆಯುವುದಿಲ್ಲ. ಅಲ್ಲಿಗೆ ನಾವು ನೋಡಲು ಹೋದದ್ದಲ್ಲ. ಯಾರೂ ನೋಡಲು ಹೋಗುವುದೂ ಬೇಡ.

ಕಟ್ಟೆಯ ಮೇಲೆ ನಮ್ಮನ್ನು ಕರೆದೊಯ್ಯಲು ಬಂದವನು ಫೋನಿನಲ್ಲಿ ಮಾತಾಡಿದ್ದ ಸ್ಟಾವ್ರೋಸ್. ದೊಡ್ಡ ಹೊಟ್ಟೆ, ಬಿಳಿ ಮೀಸೆ, ತಲೆಗೆ ಉಣ್ಣೆಯ ಟೊಪ್ಪಿ. ನನ್ನ ಪೆಟ್ಟಿಗೆಗೆ ಕೈ ಹಾಕಿ ಅವನು ಅಂದ ಮೊದಲ ಮಾತು: "ಚೇಚೀ, ಸುಖಮಾಣೋ?"

ನನ್ನ ಕೈಯಿಂದ ಪೆಟ್ಟಿಗೆ ಬಿದ್ದೇ ಹೋಯಿತು. ಕೇರಳ ಬಿಟ್ಟು ಇಷ್ಟು ದೂರ ಬಂದು, ಈ ಬಂಡೆಯ ಮೇಲೆ, ಅಕ್ಕ ಸೌಖ್ಯವಾ ಎಂದು ಮಲಯಾಳದಲ್ಲಿ ಕೇಳಿಸಿಕೊಳ್ಳುವುದೆಂದರೆ! ಅವನೂ ಹಳೆಯ ಹಡಗಿನವನೇ. ಅವನ ಹಡಗಿನ ಅಡುಗೆಯವನು ಕೊಚ್ಚಿಯವನಂತೆ. ಅನ್ನಕ್ಕೆ ಚೋರು, ಮೀನು, ಪಪ್ಪಡಂ, ಮತ್ತೆ ಬರೆಯಲಾಗದ ಕೆಲವು ಬೈಗುಳ, ಇಷ್ಟು ಅವನ ಮಲಯಾಳ. ಉಳಿದದ್ದಕ್ಕೆ ಮುರುಕು ಇಂಗ್ಲಿಷು. ಭಾವನನ್ನು "ಚೇಟ್ಟಾ", ಅಣ್ಣಾ, ಎಂದು ಕರೆದ. ಭಾವನ ಮುಖ ನೋಡಬೇಕಿತ್ತು.

ಸುಮಿತ್ರಾ ಮಾತ್ರ ನಗಲಿಲ್ಲ. ದಾರಿಯಲ್ಲಿ ನನ್ನ ಕೈ ಹಿಡಿದು, "ಅವನೂ ಹೀಗೇ ಅಲ್ವಾ ಅಕ್ಕ, ಎಲ್ಲಿ ಹೋದರೂ ಮಲಯಾಳ," ಎಂದಳು.

ನಾವು ಉಳಿದದ್ದು ಇರೀನಿ ಎಂಬ ಮುದುಕಿಯ ಮನೆಯಲ್ಲಿ. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಬಾಗಿಲಲ್ಲೇ ಸುಮಿತ್ರಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅಂಗಡಿಯಲ್ಲಿ ಕುಂಬಳಕಾಯಿ ನೋಡುವ ಹಾಗೆ, ತಿರುಗಿಸಿ ತಿರುಗಿಸಿ. ಆಮೇಲೆ ಏನೋ ಅಂದಳು.

"ಆ ಹುಡುಗನ ಹುಬ್ಬು ಹೇಗಿದ್ದಿರಬಹುದು ಅಂತ ಯೋಚಿಸುತ್ತಿದ್ದಳಂತೆ," ಎಂದ ಸ್ಟಾವ್ರೋಸ್. "ಇಷ್ಟು ದಿನ ಆ ಸಮಾಧಿಗೆ ದೀಪ ಹಚ್ಚಿದವಳು ಇವಳೇ, ಚೇಚಿ."

ಅವರಿಗೆ ಆಗ ಈಸ್ಟರಿನ ಮುಂಚಿನ ಉಪವಾಸದ ಕಾಲ. ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ನಮ್ಮ ಪುಣ್ಯ ಎಂದುಕೊಂಡೆವು. ಬೇಯಿಸಿದ ಸೊಪ್ಪು, ಚಪ್ಪರದವರೆ ಕಾಳಿನ ಹಾಗಿನ ಕಾಳು, ಆಲಿವ್ ಬಂತು. ಅದರ ಹಿಂದೆಯೇ, ತಟ್ಟೆಯ ತುಂಬ, ಸುಟ್ಟ ಆಕ್ಟೋಪಸ್ ಬಂತು. ರಕ್ತವಿಲ್ಲದ ಪ್ರಾಣಿ ಉಪವಾಸಕ್ಕೆ ನಡೆಯುತ್ತದಂತೆ.

"ಎಂಟು ಕಾಲಿದ್ದರೆ ನಡೆಯದೆ ಇರುತ್ತದಾ," ಎಂದರು ಭಾವ ಕನ್ನಡದಲ್ಲಿ, ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳುತ್ತ. ಆ ಪ್ರಯಾಣದಲ್ಲಿ ಅವರು ಮಾಡಿದ ತಮಾಷೆ ಅದೊಂದೇ.

ಕಾಫಿ ಅಂಗಡಿ

ಮಳೆ ಹಿಡಿಯಿತು. ಒದ್ದೆ ಮಣ್ಣನ್ನು ತೆರೆಯುವ ಹಾಗಿಲ್ಲ ಎಂದು ಇರೀನಿ ತಡೆದಳು. ಕಾಯುವ ಹೊತ್ತಿನಲ್ಲಿ ಸ್ಟಾವ್ರೋಸ್ ನಮ್ಮನ್ನು ಸಂಜೆ ಕಾಫಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದ. ಊರಿನ ಹಳೆಯ ಕಥೆಗಳೆಲ್ಲ ಅಲ್ಲಿ ಅವನ ಬಾಯಲ್ಲೇ ಕೇಳಿದ್ದು.

ಕಡಲಿನ ತಳದಿಂದ ಸ್ಪಂಜು ಕಿತ್ತು ತಂದು ಮಾರಿ ಬದುಕಿದ ದ್ವೀಪ ಅದು. ಹಳೆಯ ಕಾಲದಲ್ಲಿ ಬರಿಮೈಯಲ್ಲಿ, ಎದೆಗೆ ಚಪ್ಪಟೆ ಕಲ್ಲು ಅವುಚಿಕೊಂಡು ಧುಮುಕುತ್ತಿದ್ದರಂತೆ. ಉಸಿರು ಇದ್ದಷ್ಟೇ ಆಳ. ಆಮೇಲೆ ತಾಮ್ರದ ಶಿರಸ್ತ್ರಾಣದ, ಗಾಳಿಯ ಕೊಳವೆಯ ಉಡುಪು ಬಂತು. ಇಡೀ ದಿನ ಕೆಳಗಿರಬಹುದು ಎಂದು ಗಂಡಸರೆಲ್ಲ ಹಿಗ್ಗಿದರು. ಆಳದಿಂದ ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿ ಗುಳ್ಳೆಯೇಳುತ್ತದೆ ಎಂದು ಆಗ ಯಾರಿಗೆ ಗೊತ್ತು? ವಸಂತದಲ್ಲಿ ಆಫ್ರಿಕಾದ ಕಡಲಿಗೆ ಹೊರಟ ದೋಣಿಗಳು ಚಳಿಗಾಲದ ಮುಂಚೆ ಮರಳುವಾಗ, ಕೆಲವರು ಬರುತ್ತಲೇ ಇರಲಿಲ್ಲ. ಬಂದವರಲ್ಲಿ ಎಷ್ಟೋ ಮಂದಿಗೆ ಕಾಲಿನ ಸ್ವಾಧೀನವೇ ಇರುತ್ತಿರಲಿಲ್ಲ. ಸತ್ತವರನ್ನು ಅಲ್ಲಿಯ ಮರಳಿನಲ್ಲೇ ಹೂತು ಬರುತ್ತಿದ್ದರು. ದೋಣಿ ಕಾಣಿಸಿದಾಗ ಹೆಂಗಸರು ಕಟ್ಟೆಗೆ ಓಡದೆ ಮನೆಯ ಬಾಗಿಲಲ್ಲೇ ನಿಲ್ಲುತ್ತಿದ್ದರಂತೆ, ಯಾರ ಬಾಗಿಲಿಗೆ ಪಾದ್ರಿ ಬರುತ್ತಾನೆ ಎಂದು. ಈಗ ಸ್ಪಂಜೂ ಇಲ್ಲ. ಅದಕ್ಕೂ ರೋಗ ಬಂದು ಸತ್ತಿತು. ಸ್ಪಂಜಿನ ವ್ಯಾಪಾರಿಗಳು ಕಟ್ಟಿದ ದೊಡ್ಡ ಮನೆಗಳಲ್ಲಿ ಪಾರಿವಾಳಗಳು ಸಂಸಾರ ಮಾಡುತ್ತಿವೆ.

"ಇರೀನಿಯ ಅಪ್ಪನೂ ಆಫ್ರಿಕಾದ ಮರಳಿನಲ್ಲೇ," ಎಂದ. "ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೇ ಕಡಲು ತಂದು ಹಾಕಿದವರನ್ನು ಅವಳು ಬಿಡುವುದಿಲ್ಲ. ಅಲ್ಲಿ ಯಾರಾದರೂ ನನ್ನ ಅಪ್ಪನ ಮೇಲೆ ಒಂದು ಕಲ್ಲಾದರೂ ಇಟ್ಟಿರಬಹುದಲ್ಲ ಅನ್ನುತ್ತಾಳೆ."

ಆಮೇಲೆ ಅವನು ಮೂಲೆಯ ಊರುಗೋಲು ಎತ್ತಿಕೊಂಡು ಅಂಗಡಿಯ ನಡುವೆ ನಿಂತ. ಹತ್ತಿರದ ದ್ವೀಪವೊಂದರ ಕುಣಿತವಂತೆ. ಮುದುಕರು ಕೈ ಹಿಡಿದು ಸಾಲಾಗಿ ಕುಣಿಯುವಾಗ ಮುಂದಿನವನ ಕಾಲು ನಡುಗಲು ಶುರುವಾಗುತ್ತದೆ. ಅವನು ಕೋಲಿನ ಮೇಲೆ ಭಾರ ಹಾಕುತ್ತಾನೆ, ಮಂಡಿ ಮಡಚುತ್ತದೆ, ಏಳುತ್ತಾನೆ, ಮತ್ತೆ ನಡುಗುತ್ತಾನೆ. ಕಾಲು ಹೋದ ಮುಳುಗುಗಾರನ ಕುಣಿತ ಅದು. ನಗುತ್ತಲೇ ಎದ್ದ ಸ್ಟಾವ್ರೋಸನ ಮೀಸೆಯ ಕೆಳಗಿನ ನಗು ಕುಣಿಯುತ್ತ ಕುಣಿಯುತ್ತ ಇಂಗಿಹೋಯಿತು. ಊರಿನಲ್ಲಿ ದೈವ ಮೈಮೇಲೆ ಬಂದು ನಡುಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿ ನಡುಕ ನಿಂತ ಮೇಲೆ ಒಂದು ಅಭಯದ ನುಡಿ ಬರುತ್ತದೆ. ಇಲ್ಲಿ ನಡುಕ ನಿಂತಿತು, ಯಾರೂ ಏನೂ ನುಡಿಯಲಿಲ್ಲ. ಮುದುಕರು ಕಾಫಿ ಕುಡಿದರು.

ಅಂಗಡಿಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಸೊಂಟದ ಕೆಳಗೆ ಮೀನಾದ ಹೆಣ್ಣು, ಕೈಯಲ್ಲಿ ಹಡಗು. ಅದು ಯಾರು ಎಂದು ಸುಮಿತ್ರಾಳೇ ಕೇಳಿದಳು. ಆ ದಿನ ಅವಳು ಆಡಿದ ಮೊದಲ ಮಾತು.

"ಅಲೆಕ್ಸಾಂಡರ್ ರಾಜನ ತಂಗಿ," ಎಂದ ಸ್ಟಾವ್ರೋಸ್. "ಅಣ್ಣ ಸತ್ತದ್ದು ಅವಳಿಗೆ ಗೊತ್ತಿಲ್ಲ. ಬಿರುಗಾಳಿಯಲ್ಲಿ ಹಡಗಿನ ಮೂತಿ ಹಿಡಿದು ಕೇಳುತ್ತಾಳೆ, ಅಲೆಕ್ಸಾಂಡರ್ ಬದುಕಿದ್ದಾನಾ? ಬದುಕಿದ್ದಾನೆ, ರಾಜ್ಯ ಆಳುತ್ತಿದ್ದಾನೆ ಅನ್ನಬೇಕು. ಆಗ ಕಡಲು ಶಾಂತವಾಗುತ್ತದೆ. ಸತ್ತ ಅಂದರೆ ಮುಗಿಯಿತು, ಹಡಗನ್ನೇ ಮುಳುಗಿಸುತ್ತಾಳೆ."

"ಹಾಗಾದರೆ ಎಲ್ಲರೂ ಅವಳಿಗೆ ಸುಳ್ಳೇ ಹೇಳುವುದಾ?"

"ಎಲ್ಲರೂ. ನಾನೂ ಹೇಳುತ್ತಿದ್ದೆ."

ಸುಮಿತ್ರಾ ಚಿತ್ರವನ್ನೇ ನೋಡುತ್ತಿದ್ದಳು. "ಅವಳಿಗೆ ಗೊತ್ತಿಲ್ಲದೆ ಇಲ್ಲ," ಎಂದು ನನಗೆ ಮಾತ್ರ ಕೇಳುವ ಹಾಗೆ ಅಂದಳು. "ಗೊತ್ತಿದ್ದೇ ಕೇಳ್ತಾಳೆ."

ಗೋಡೆಯ ಒಳಗೆ

ಮಳೆ ಬಿಟ್ಟು, ಮಣ್ಣು ಒಣಗಿ, ಒಂದು ಬೆಳಿಗ್ಗೆ ಹೊರಟೆವು. ಭಾವ ಮಿಂದು, ಪಂಚೆ ಉಟ್ಟು, ದರ್ಭೆ, ಎಳ್ಳು, ಖಾಲಿ ತಂಬಿಗೆ ಹಿಡಿದು ಮುಂದೆ ನಡೆದರು. ಸ್ಮಶಾನ ಗುಡ್ಡದ ಮೇಲೆ, ಸುತ್ತ ಕಲ್ಲಿನ ಗೋಡೆ. ಬಾಗಿಲಲ್ಲಿ ಇರೀನಿ, ಅವಳ ಜೊತೆ ಇನ್ನಷ್ಟು ಕಪ್ಪು ಬಟ್ಟೆಯ ಹೆಂಗಸರು, ಗುದ್ದಲಿ ಹಿಡಿದು ನಿಂತಿದ್ದರು. ಇರೀನಿ ಭಾವನ ಎದೆಗೆ ಅಂಗೈ ಇಟ್ಟು ತಡೆದಳು.

"ಗಂಡಸರು ಹೊರಗೆ ಅನ್ನುತ್ತಾಳೆ," ಎಂದ ಸ್ಟಾವ್ರೋಸ್. ಅವನೂ ಹೊರಗೇ ನಿಂತಿದ್ದ.

ಭಾವನಿಗೆ ಅರ್ಥವೇ ಆಗಲಿಲ್ಲ. "ಅತ್ತಿಗೆ, ನೀವಾದರೂ ಹೇಳಿ. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಕಾಲಿಡುವ ಹಾಗಿಲ್ಲ. ಇದು ತಂದೆ ಮಾಡಬೇಕಾದ ಕೆಲಸ."

ನಾನು ಸ್ಟಾವ್ರೋಸನಿಗೆ ಹೇಳಿದೆ, ಅವನು ಇರೀನಿಗೆ ಹೇಳಿದ. ಅವಳು ಗುದ್ದಲಿ ನೆಲಕ್ಕೂರಿ ಉತ್ತರ ಕೊಟ್ಟಳು.

"ಚೇಟ್ಟಾ, ಅವನು ಹುಟ್ಟುವಾಗ ನೀವು ಎಲ್ಲಿ ನಿಂತಿದ್ದಿರಿ ಅಂತ ಕೇಳುತ್ತಾಳೆ."

ಭಾವ ಎಲ್ಲಿ ನಿಂತಿದ್ದರು ಎಂದು ನನಗೆ ಗೊತ್ತು. ಆಸ್ಪತ್ರೆಯ ವರಾಂಡದಲ್ಲಿ ನನ್ನ ಪಕ್ಕದಲ್ಲೇ, ಬಾಗಿಲಿಗೆ ಬೆನ್ನು ಹಾಕಿ.

"ಹೊರಗೆ ತೆಗೆಯುವುದು ಹೆಂಗಸರ ಕೆಲಸ, ಆಗಲೂ ಈಗಲೂ. ಹಾಗಂತಾಳೆ."

ಭಾವ ಎಳ್ಳಿನ ಪೊಟ್ಟಣವನ್ನು ಸುಮಿತ್ರಾಳ ಕೈಗೆ ಕೊಟ್ಟು, ತಿರುಗಿ, ಗೋಡೆಯ ಹೊರಗೆ ನಿಂತರು. ಒಳಗೆ ಹೋಗುತ್ತ ಹಿಂತಿರುಗಿ ನೋಡಿದ ನಾನು, ಯಾಕೋ ಏನೋ, ಫೋನ್ ತೆಗೆದು ಆ ಬೆನ್ನಿನ ಫೋಟೋ ತೆಗೆದೆ. ಬಳಿಕ ಫೋನನ್ನು ಚೀಲಕ್ಕೆ ಹಾಕಿದೆ.

ಸಮಾಧಿಯ ಸುತ್ತ ಸುಣ್ಣ ಹಚ್ಚಿದ ಕಲ್ಲು, ಗಾಜಿನ ಗೂಡಿನಲ್ಲಿ ಎಣ್ಣೆಯ ದೀಪ, ಮರದ ಶಿಲುಬೆ. ನಮ್ಮವನಿಗೆ ಶಿಲುಬೆಯೇ ಎಂದು ಒಂದು ಕ್ಷಣ ಮನಸ್ಸು ಮುದುಡಿತು. ಅವರಲ್ಲಿ ಇದ್ದದ್ದನ್ನು ಅವರು ಕೊಟ್ಟಿದ್ದರು. ಅದರ ಕೆಳಗೆ ಸಂತ ನಿಕೋಲಾಸನ ಒಂದು ಚಿಕ್ಕ ಪಟ. ಕಡಲಿಗೆ ಬಿದ್ದವರನ್ನು ಎತ್ತಿ ಎತ್ತಿ ಆ ಸಂತನ ಅಂಗಿ ಯಾವಾಗಲೂ ಒದ್ದೆ, ಗಡ್ಡದಿಂದ ಉಪ್ಪುನೀರು ತೊಟ್ಟಿಕ್ಕುತ್ತದೆ ಎಂದು ಅಲ್ಲಿ ನಂಬುತ್ತಾರೆ. ಎಲ್ಲರನ್ನೂ ಎತ್ತಲು ಅವನಿಗೂ ಆಗುವುದಿಲ್ಲ.

ಇರೀನಿ ಅಗೆಯತೊಡಗಿದಳು. ಮಿಕ್ಕವರು ಹಾಡಿದರು, ಹಾಡೋ ಅಳುವೋ ಬೇರೆ ಮಾಡಲಾಗದ ಒಂದು ದನಿ. ನಡುನಡುವೆ ಅವಳು ನಿಂತು ಮಣ್ಣನ್ನು ಮೂಸುತ್ತಿದ್ದಳು. ಮಣ್ಣು ಕರಗಿಸದ ಹೆಣ ಎದ್ದು ತಿರುಗುತ್ತದೆ ಎಂಬ ಭಯ ಅವರಿಗೆ. ಈ ಮಣ್ಣಿನಲ್ಲಿ ಉಪ್ಪು ಹೆಚ್ಚು, ಹೆಣ ಬೇಗ ಕರಗುವುದಿಲ್ಲವಂತೆ. ಮರದ ಹಲಗೆಯ ಚೂರು ಕಂಡ ಮೇಲೆ ಗುದ್ದಲಿಯನ್ನು ಬದಿಗಿಟ್ಟು, ಸುಮಿತ್ರಾಳನ್ನು ನೋಡಿ, ಗುಂಡಿಯತ್ತ ಕೈ ತೋರಿಸಿದಳು.

ನನ್ನ ತಂಗಿ ಸೀರೆ ಎತ್ತಿ ಕಟ್ಟಿ ಇಳಿದಳು. ನಾನೂ ಇಳಿದೆ. ಬರಿಗೈಯಲ್ಲಿ ಮಣ್ಣು ಸರಿಸಿದೆವು.

ಇರೀನಿ ಮೊದಲು ತೆಗೆದದ್ದು ತಲೆ. ಬಿಳಿ ಬಟ್ಟೆಯಲ್ಲಿ ಹಿಡಿದು ಸುಮಿತ್ರಾಳಿಗೆ ಚಾಚಿದಳು. ಅವಳು ತೆಗೆದುಕೊಳ್ಳಲಿಲ್ಲ. ತಲೆಯಲ್ಲಾಡಿಸಿ ಎಡಗಡೆಯ ಮಣ್ಣನ್ನೇ ಕೆದಕುತ್ತಿದ್ದಳು. ಅಂಥ ಆತುರವನ್ನು ನಾನು ನೋಡಿಲ್ಲ. ಪಕ್ಕೆಲುಬು, ಬಟ್ಟೆಯ ಚಿಂದಿ, ಅಂಗಿಯ ಒಂದು ಗುಂಡಿ, ಎಲ್ಲವನ್ನೂ ಬದಿಗೆ ಸರಿಸುತ್ತ, ತುಟಿಯಲ್ಲಿ ಏನೋ ಮಣಮಣ. "ಅಲ್ಲ, ಅಲ್ಲ, ಅಲ್ಲ," ಎನ್ನುತ್ತಿದ್ದಳು. ತೋಳಿನ ಎಲುಬು ಸಿಕ್ಕಿತು. ಅದರ ಕೆಳಗೆ ಕೈ ಹೋಯಿತು. ನಿಂತಿತು.

ಬೂದಿಬಣ್ಣದ ಪಟ್ಟಿ. ಎಲುಬಿಗೆ ಅಂಟಿಕೊಂಡೇ ಇತ್ತು. ಸ್ಕ್ರೂಗಳ ತಲೆಯಲ್ಲಿ ಮಣ್ಣು ತುಂಬಿತ್ತು.

ಅವಳು ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ. ಸೆರಗಿನ ತುದಿಯಿಂದ ಪಟ್ಟಿಯನ್ನು ಒರೆಸಿದಳು. ಇನ್ನೊಮ್ಮೆ ಒರೆಸಿದಳು. "ನೋವಾಗ್ತದೆ ಅಂತ ತೆಗೆಸಲಿಲ್ಲ ಅಕ್ಕ," ಎಂದಳು. "ಡಾಕ್ಟರು ತೆಗೆಯುವ ಅಂದಿದ್ದರು. ನಾನೇ ಬೇಡ ಅಂದೆ." ಆಮೇಲೆ ಇರೀನಿ ಇನ್ನೂ ಹಿಡಿದುಕೊಂಡಿದ್ದ ತಲೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು.

ಬೇಡಿಕೊಂಡದ್ದು ಆಗಲಿಲ್ಲ. ಎಲ್ಲೋ ದೂರದಲ್ಲಿ ಇನ್ನೊಬ್ಬಳು ಬೇಡಿಕೊಂಡದ್ದು ಆಗಿತ್ತು.

ಎಲುಬು ತೊಳೆಯಲು ಅವರು ತಂದದ್ದು ಕೆಂಪು ವೈನು. ಈರುಳ್ಳಿಯೂ ಬಾರದ ಅಡುಗೆಮನೆಯ ನನ್ನ ತಂಗಿ ಒಂದು ಮಾತೂ ಕೇಳದೆ ಬೋಗುಣಿಗೆ ಕೈ ಅದ್ದಿದಳು. ಒಂದೊಂದೇ ತೊಳೆದು ಬಟ್ಟೆಯ ಮೇಲೆ ಬಿಸಿಲಿಗಿಟ್ಟಳು, ಎಣ್ಣೆ ಸ್ನಾನ ಮಾಡಿಸಿದ ಹಾಗೆ, ಬೆರಳುಗಳ ಸಂದು ಬಿಡದೆ. ತೊಳೆದ ಎಲುಬು ಹಳದಿಯಾಗಿ ಬಂತು. ಹಳದಿ ಒಳ್ಳೆಯದು, ಮಣ್ಣು ಇವನನ್ನು ಒಪ್ಪಿಕೊಂಡಿದೆ ಎಂದು ಇರೀನಿ ಕೈಸನ್ನೆಯಲ್ಲಿ ತಿಳಿಸಿ ಅತ್ತಳು. ಸುಮಿತ್ರಾ ಅವಳ ಕಣ್ಣನ್ನು ತನ್ನ ಒದ್ದೆ ಕೈಯಿಂದಲೇ ಒರೆಸಿದಳು.

ಪಾದ್ರಿ ಬಂದು ಮಂತ್ರ ಹೇಳಿದ ಮೇಲೆ ಹೊರಗೆ ಬಂದೆವು. ಭಾವ ಹಾಗೆಯೇ ನಿಂತಿದ್ದರು. ಸುಮಿತ್ರಾಳ ಕೈಯ ಕೆಂಪು, ಅದರ ವಾಸನೆ, ಎಲ್ಲ ಅವರಿಗೆ ಗೊತ್ತಾಯಿತು. ಏನು ಸಿಕ್ಕಿತು ಎಂದು ಕೇಳಲಿಲ್ಲ. "ಪಟ್ಟಿ ಉಂಟು," ಎಂದಳು ಅವಳೇ. "ಇನ್ನು ನೀವು ಎಂತ ಮಾಡಬೇಕೋ ಮಾಡಿ."

ಇರೀನಿ ಎಲ್ಲರಿಗೂ ಒಂದೊಂದು ಹಿಡಿ ಬೇಯಿಸಿದ ಗೋಧಿ ಹಂಚಿದಳು. ಸತ್ತವರ ಹೆಸರಿನಲ್ಲಿ ತಿನ್ನುವಂಥದ್ದು. ಸಕ್ಕರೆ, ದಾಳಿಂಬೆ ಕಾಳು ಕಂಡಿತು. ಭಾವ ಅಂಗೈಯನ್ನು ಕಣ್ಣಿನ ಹತ್ತಿರ ತಂದು ನೋಡಿದರು.

"ಅತ್ತಿಗೆ, ಎಳ್ಳು. ಇವರೂ ಎಳ್ಳು ಹಾಕ್ತಾರೆ."

ಅಷ್ಟು ಹೇಳಿದ್ದೇ ತಡ, ಗೋಡೆಗೆ ಹಣೆ ಇಟ್ಟು, ಮಂಕಿ ಕ್ಯಾಪು ಮುಖದ ಮೇಲೆ ಎಳೆದುಕೊಂಡು, ಅಷ್ಟು ವರ್ಷದ್ದನ್ನೆಲ್ಲ ಒಮ್ಮೆಲೇ ಅತ್ತರು. ಸ್ಟಾವ್ರೋಸ್ ಅವರ ಬೆನ್ನಿನ ಮೇಲೆ ಕೈ ಇಟ್ಟು, "ಚೇಟ್ಟಾ, ಚೇಟ್ಟಾ," ಎನ್ನುತ್ತಿದ್ದ. ಆ ಹೊತ್ತಿಗೆ ಬೇಕಾದ ಬೇರೆ ಪದ ಅವನ ಮಲಯಾಳದಲ್ಲಿ ಇರಲಿಲ್ಲ. ನಮ್ಮ ಕನ್ನಡದಲ್ಲಿಯೂ ಇರಲಿಲ್ಲ.

ಮರಳುವ ಹಡಗು

ಚಿಕ್ಕ ಮರದ ಪೆಟ್ಟಿಗೆ. ಸುಮಿತ್ರಾ ಅದನ್ನು ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಊರಿಗೆ ಹೋಗಿ ದಹನ ಮಾಡಿ, ಬೂದಿಯನ್ನು ಕಡಲಿಗೆ ಬಿಡುವ ಮಾತು ತೆಗೆದರು ಭಾವ.

"ಕಡಲಿಗೆ ಬೇಡ," ಎಂದಳು. "ಒಮ್ಮೆ ಕೊಟ್ಟಾಯ್ತು. ಆಲುವಾದ ಹೊಳೆಯಲ್ಲಿ ಬಿಡುವ."

ಆ ಹೊಳೆ ಹೋಗಿ ಸೇರುವುದೂ ಕಡಲಿಗೇ ಎಂದು ಭಾವನಿಗೆ ಗೊತ್ತಿಲ್ಲವೇ? "ಆಯ್ತು," ಎಂದಷ್ಟೇ ಹೇಳಿದರು.

ಸ್ವಲ್ಪ ಹೊತ್ತಿನ ಮೇಲೆ ಅವಳು, "ಆ ಹುಡುಗನ ಅಮ್ಮನಿಗೆ ಇನ್ನೂ ಏನೂ ಸಿಕ್ಕಿಲ್ಲ," ಎಂದಳು. ಯಾವ ಹುಡುಗ ಎಂದು ಇಬ್ಬರೂ ಕೇಳಲಿಲ್ಲ. ಅವಳ ಉಗುರುಗಳಲ್ಲಿ ದ್ವೀಪದ ಕೆಂಪು ಮಣ್ಣು ಹಾಗೆಯೇ ಇತ್ತು. ಹಡಗಿನಲ್ಲಿ, ವಿಮಾನದಲ್ಲಿ, ಎಲ್ಲಿಯೂ ಅವಳು ಅದನ್ನು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಭಾವನ ಉಗುರುಗಳು ಮಾತ್ರ ಚೊಕ್ಕವಾಗಿದ್ದವು. ಅವರು ಆಗಾಗ ನಮ್ಮ ಕೈ ನೋಡಿ ತಮ್ಮ ಕೈಯನ್ನು ಶಾಲಿನೊಳಗೆ ಎಳೆದುಕೊಳ್ಳುತ್ತಿದ್ದರು.

ಮತ್ತೆ ತಂಪಾನೂರ್

ಓಣಿಯೊಳಗೆ ಕಾರು ಹೋಗುವುದಿಲ್ಲ. ತುದಿಯಲ್ಲಿ ಇಳಿದೆವು. ಬಿಸಿಲು, ಬಸ್ಸಿನ ಹಾರನ್ನು, ಸ್ಟೇಷನ್ನಿನ ಘೋಷಣೆ, ಎಲ್ಲ ಬಿಟ್ಟು ಹೋದ ಹಾಗೆಯೇ ಇತ್ತು. ಗೋಣಿಯ ಮೇಲೆ ಸರಸಮ್ಮ ಕುಳಿತಿದ್ದಳು. ಪೆಟ್ಟಿಗೆಗಳನ್ನೆಲ್ಲ ನೋಡಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಎಂದಿನ ಹಾಗೆಯೇ ಕೇಳಿದಳು.

"ಮೋನ್ ಎಪ್ಪೋಳ್ ವರುಂ?"

ನಾನು ನಡುವೆ ಬಾಯಿ ಹಾಕಲು ಹೋದೆ. ಸುಮಿತ್ರಾ ನನ್ನ ತೋಳು ಒತ್ತಿದಳು. ಎದೆಗವುಚಿದ ಶಾಲಿನ ಗಂಟನ್ನು ಸ್ವಲ್ಪ ಮುಂದಕ್ಕೆ ಹಿಡಿದು, "ವನ್ನು," ಎಂದಳು.

ಬಂದ.

ಸರಸಮ್ಮ ಗಂಟನ್ನು ನೋಡಿದಳು. ಮಂಡಿಗೆ ಕೈಯೂರಿ ಮೆಲ್ಲಗೆ ಎದ್ದು ನಿಂತಳು. ಅವಳು ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳಿಗೂ ಗೊತ್ತಿತ್ತು. ಮತ್ತೆ ಬಗ್ಗಿ, ಗೋಣಿಯ ಮೂಲೆಯಿಂದ ಎರಡು ಕೈ ತುಂಬ ಕೂರ್ಕ ಎತ್ತಿ ನನ್ನ ಚೀಲಕ್ಕೆ ಹಾಕಿದಳು. ನಮ್ಮ ಕಡೆ ಸಾಂಬ್ರಾಣಿ ಎನ್ನುವ ಪುಟ್ಟ ಗಡ್ಡೆ ಅದು. ಪ್ರಸನ್ನನಿಗೆ ಅದರ ಪಲ್ಯವೆಂದರೆ ಪ್ರಾಣ. "ಮೋನ್ ಇಷ್ಟಮಲ್ಲೇ," ಎಂದಳು. ಮಗನಿಗೆ ಇಷ್ಟ ಅಲ್ವಾ.

ಎಲೆಗೆ ಬಡಿಸಿ ಕಾಗೆಗೆ ಇಡುವ ದಿನ ಬಂದಾಗ ಅದೇ ಪಲ್ಯ ಮಾಡುವುದೆಂದು ಸುಮಿತ್ರಾ ಹೇಳಿದಳು. ಆ ದಿನ ಬಂತು. ಕೂರ್ಕದ ಸಿಪ್ಪೆ ತೆಗೆದು ನೋಡಿದವರಿಗೆ ಗೊತ್ತು: ನೆನೆಸಬೇಕು, ಗೋಣಿಯಲ್ಲಿ ಉಜ್ಜಬೇಕು, ಆಮೇಲೂ ಒಂದೊಂದನ್ನೇ ಉಗುರಿನಿಂದ ಕೆರೆಯಬೇಕು, ಮಣ್ಣು ಬಿಡುವುದೇ ಇಲ್ಲ. ಅಡುಗೆಮನೆಯ ನೆಲದ ಮೇಲೆ ನಾವಿಬ್ಬರೂ ಕುಳಿತಿದ್ದೆವು. ಭಾವ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು.

"ಒಳಗೆ ಬನ್ನಿ," ಎಂದಳು ಸುಮಿತ್ರಾ.

ಅವರು ಬಂದು ಕುಳಿತರು. ಒಂದು ಗಡ್ಡೆ ಎತ್ತಿಕೊಂಡು ಕೆರೆಯತೊಡಗಿದರು. ಮುಗಿಯುವಷ್ಟರಲ್ಲಿ ಅವರ ಹತ್ತು ಉಗುರುಗಳೂ ಕಪ್ಪಾಗಿದ್ದವು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸುಮಿತ್ರಾ ತಂಬಿಗೆಯ ನೀರನ್ನು ಅವರ ಕಡೆ ಸರಿಸಿದಳು.

"ಇರಲಿ," ಎಂದರು.